ಮುದ್ದೆ ಅಗಿದು ತಿಂದ ಸೊಸೆ

ಹೊಳವನಹಳ್ಳಿಯಲ್ಲಿ ಹುಟ್ಟಿದ ಮಗುವಿಗೆ ಅಕ್ಷರಕ್ಕಿಂತ ಮೊದಲು ಕಲಿಸುವ ವಿದ್ಯೆ ಮುದ್ದೆ ನುಂಗುವುದು. ಬೆರಳಲ್ಲಿ ಮುರಿದು, ಅಂಗೈಯಲ್ಲಿ ಉರುಳಿಸಿ, ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟರೆ ಅದು ಹಲ್ಲಿಗೆ ತಾಗದೆ ಗಂಟಲಿಗೆ ಜಾರಬೇಕು. ಪೇಟೆಯಿಂದ ಬಂದ ನೆಂಟನೊಬ್ಬ ಮುದ್ದೆಯನ್ನು ದವಡೆಗೆ ಹಾಕಿದನೆಂದರೆ ಇಡೀ ಪಂಕ್ತಿ ಕೈ ತಡೆದು ಅವನನ್ನೇ ನೋಡುತ್ತದೆ. ಆ ನೆಂಟನ ಹೆಸರು ಮರೆತರೂ ಅವನು ಮುದ್ದೆ ಅಗಿದದ್ದನ್ನು ಊರು ಮರೆಯುವುದಿಲ್ಲ.

ಬಸ್ ನಿಲ್ದಾಣದ ಎದುರು ದಿನಸಿ ಅಂಗಡಿ ಇಟ್ಟಿದ್ದ ಮಹಾಲಿಂಗಯ್ಯನ ತಾಯಿ ಚನ್ನಮಲ್ಲಮ್ಮ. ಅವಳು ಕಟ್ಟಿದ ಮುದ್ದೆಗೆ ಊರಲ್ಲಿ ಹೆಸರಿತ್ತು. ಹಲ್ಲಿಲ್ಲದ ಮುದುಕರೂ ಇನ್ನೊಂದು ಹಾಕಿಸಿಕೊಳ್ಳುತ್ತಿದ್ದರು. ಇನ್ನೊಂದು ಹಾಕಿಸಿಕೊಂಡವರನ್ನು ಕಂಡರೆ ಅವಳಿಗೆ ಪ್ರಾಣ. ಮನುಷ್ಯನ ಆರೋಗ್ಯ, ಗುಣ, ಮನೆತನ ಎಲ್ಲವನ್ನೂ ಅವಳು ಊಟದ ತಟ್ಟೆಯ ಮೇಲೆಯೇ ಅಳೆಯುತ್ತಿದ್ದಳು. ಆ ಅಳತೆಯಲ್ಲಿ ಸೊಸೆ ಸರ್ವಮಂಗಳಾ ಅಪ್ಪಟ ಬಂಗಾರ. ಹಾಕಿದ್ದನ್ನು ಬೇಡ ಅಂದವಳಲ್ಲ.

ಆದರೆ ಎರಡು ಹೆರಿಗೆಯಾದ ಮೇಲೆ ಸರ್ವಮಂಗಳಾ ವರ್ಷ ವರ್ಷವೂ ಊದುತ್ತ ಹೋದಳು. ಮೂವತ್ತನಾಲ್ಕನೆಯ ವಯಸ್ಸಿಗೆ ನೂರಾ ಹದಿನಾರು ಕಿಲೋ. ಮೊಣಕಾಲು ಮಡಚಿದರೆ ನೀಡಲಾಗದು, ನೀಡಿದರೆ ಮಡಚಲಾಗದು. ಬಸ್ಸಿನ ಮೆಟ್ಟಿಲು ಹತ್ತುವಾಗ ಒಬ್ಬರು ಮೇಲಿನಿಂದ ಎಳೆಯಬೇಕು, ಒಬ್ಬರು ಕೆಳಗಿನಿಂದ ದೂಡಬೇಕು. ರಕ್ತದಲ್ಲಿ ಸಕ್ಕರೆ ಏರಿತು. ಮಲಗಿದಾಗ ಗೊರಕೆಯ ನಡುವೆ ಉಸಿರೇ ನಿಂತುಹೋಗುತ್ತಿತ್ತು. ಅವಳು ಸೋಮವಾರ ಉಪವಾಸ ಮಾಡಿದಳು, ಅನ್ನ ಬಿಟ್ಟಳು, ಕೆರೆ ಏರಿಯ ಮೇಲೆ ನಡೆದಳು. ಇಳಿದದ್ದು ಮೂರು ಕಿಲೋವಾದರೆ ಮತ್ತೆ ಏರಿದ್ದು ಐದು.

ಇದು ಸಾವಿರದ ಒಂಬೈನೂರ ಎಂಬತ್ತೇಳರ ಮಾತು. ಹೊರದೇಶದಲ್ಲಿ ಕಲಿತು ಬಂದ ಡಾಕ್ಟರೊಬ್ಬರು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಹೊಟ್ಟೆಯ ಚೀಲವನ್ನು ಚಿಕ್ಕದು ಮಾಡುವ ಆಪರೇಷನ್ ಮಾಡುತ್ತಿದ್ದರು. ನಮ್ಮ ಕಡೆ ಯಾರೂ ಅದರ ಹೆಸರನ್ನೇ ಕೇಳಿರಲಿಲ್ಲ. ಚೀಲದ ಮೇಲಿನ ತುದಿಯನ್ನು ಒಂದು ಸಣ್ಣ ಬಟ್ಟಲಿನಷ್ಟು ಬೇರೆ ಮಾಡಿ, ಅದಕ್ಕೆ ನೇರವಾಗಿ ಕರುಳನ್ನು ಸೇರಿಸುತ್ತಾರೆ. ಆಮೇಲೆ ಸ್ವಲ್ಪ ಉಂಡರೂ ಹೊಟ್ಟೆ ತುಂಬುತ್ತದೆ. ಡಾಕ್ಟರು ಗಂಡ ಹೆಂಡತಿಯನ್ನು ಕೂರಿಸಿಕೊಂಡು ಅರ್ಧ ದಿನ ತಿಳಿಸಿ ಹೇಳಿದರು. ನಾನು ಮಾಡುವುದು ಒಂದು ದಿನದ ಕೆಲಸ, ನೀವು ಮಾಡಬೇಕಾದದ್ದು ಜೀವಮಾನದ ಕೆಲಸ ಎಂದರು. ಇಬ್ಬರೂ ತಲೆಯಾಡಿಸಿದರು.

ಆದರೆ ಕೇಳಬೇಕಾಗಿದ್ದ ಮುಖ್ಯವಾದ ಕಿವಿ ಊರಲ್ಲೇ ಉಳಿಯಿತು. ಮನೆಯ ಒಲೆ ಇದ್ದದ್ದು ಚನ್ನಮಲ್ಲಮ್ಮನ ಕೈಯಲ್ಲಿ. ಅವಳಿಗೆ ಮಗ ಹೇಳಿದ್ದು ಒಂದೇ ಮಾತು.

“ಇನ್ಮೇಲೆ ಕಮ್ಮಿ ಊಟ ಮಾಡ್ಬೇಕಂತೆ ಕಣವ್ವ.”

ಆಪರೇಷನ್ ಆಗಿ ಸೊಸೆ ಮನೆಗೆ ಬಂದಾಗ ಕಮ್ಮಿ ಎಂದರೆ ಎಷ್ಟು ಎಂಬುದು ಅತ್ತೆಗೆ ತಿಳಿಯಿತು. ಬೇಳೆಯ ಕಟ್ಟು ಅರ್ಧ ಬಟ್ಟಲು. ಸೋಸಿದ ಗಂಜಿ ಅರ್ಧ ಬಟ್ಟಲು. ಮಜ್ಜಿಗೆ, ಅದೂ ಗುಟುಕು ಗುಟುಕಾಗಿ. ನಮ್ಮ ಮನೆ ಬೆಕ್ಕು ಇದಕ್ಕಿಂತ ಜಾಸ್ತಿ ಕುಡಿಯುತ್ತದೆ ಎಂದು ಚನ್ನಮಲ್ಲಮ್ಮ ಒಲೆಗೆ ಹೇಳಿಕೊಂಡಳು. ಕೇಳಿಸಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ.

ಅಂಗಡಿಯಲ್ಲಿ ಕಡಲೆಕಾಯಿ ಮೂಟೆ ತೂಗುವ ದೊಡ್ಡ ಮಿಷನ್ನು ಇತ್ತು. ಬಾಗಿಲು ಹಾಕಿದ ಮೇಲೆ ಸರ್ವಮಂಗಳಾ ಅದರ ಮೇಲೆ ನಿಂತು ನೋಡುತ್ತಿದ್ದಳು. ಮುಳ್ಳು ಪ್ರತಿ ವಾರವೂ ಹಿಂದಕ್ಕೆ ಸರಿಯುತ್ತಿತ್ತು. ಗಂಡ ಹೆಂಡತಿ ಮುಖ ಮುಖ ನೋಡಿ ನಗುತ್ತಿದ್ದರು. ವ್ಯಾಪಾರಸ್ಥರ ಮನೆಯಲ್ಲಿ ತೂಕ ಕಮ್ಮಿ ಬಂದರೆ ನಗುವವರನ್ನು ಚನ್ನಮಲ್ಲಮ್ಮ ಮೊದಲ ಸಲ ನೋಡಿದಳು.

ಅವಳಿಗೆ ನಗು ಬರಲಿಲ್ಲ. ಅವಳಿಗೊಬ್ಬ ಮಗಳಿದ್ದಳು, ನೀಲಮ್ಮ. ಮಿಡಿಗೇಶಿಗೆ ಕೊಟ್ಟಿದ್ದರು. ಮದುವೆಯಾದ ಎರಡನೆಯ ವರ್ಷ ಕೆಮ್ಮು ಹಿಡಿಯಿತು. ಬಂದಾಗೆಲ್ಲ ಬಳೆ ಸಡಿಲ, ಕುಪ್ಪಸ ಸಡಿಲ. ಆಮೇಲೆ ಒಂದು ಸಲ ಬರಲೇ ಇಲ್ಲ. ಈಗ ಸೊಸೆಯ ಕುಪ್ಪಸವೂ ಸಡಿಲವಾಗುತ್ತಿದ್ದುದನ್ನು ಕಂಡು ಮುದುಕಿಗೆ ಭಯ ಹುಟ್ಟಿತ್ತು. ಈ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ. ಅಡುಗೆಮನೆಯಲ್ಲಿ ಡಬ್ಬಗಳನ್ನು ಮಾತ್ರ ಸ್ವಲ್ಪ ಜೋರಾಗಿ ಇಡುತ್ತಿದ್ದಳು.

ಪಕ್ಕದ ಬೀದಿಯ ಗೌರಕ್ಕ ಕುರಿ ಸಾಕಿದವಳು. ಸಂತೆಗೆ ಹೋಗುವಾಗ ಬರುವಾಗ ಇವರ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಹೋಗುವುದು ಅವಳ ಪದ್ಧತಿ. ಒಂದು ದಿನ ಸರ್ವಮಂಗಳಾ ಒಳಗೆ ಹೋದದ್ದನ್ನೇ ನೋಡಿ ದನಿ ತಗ್ಗಿಸಿದಳು.

“ಅಮ್ಮೋರೆ, ನಾನು ಅಂದೆ ಅಂತ ಬ್ಯಾಸರ ಮಾಡ್ಕಬ್ಯಾಡಿ. ಮೇಯೋ ಕುರಿ ಕರಗಿದ್ರೆ ಹುಳ ಬಿದ್ದೈತೆ ಅಂತೀವಿ. ನಿಮ್ಮ ಸೊಸೆ ಮೇಯೋದನ್ನೇ ಬುಟ್ಟುಬುಟ್ಟವ್ಳೆ.”

ಅಷ್ಟು ಸಾಕಾಯಿತು. ಅತ್ತೆ ಅಂದೇ ಅಟ್ಟದಿಂದ ಒಣಶುಂಠಿ ಇಳಿಸಿದಳು. ಹೊಟ್ಟೆ ಕುಯ್ಸಿಕೊಂಡು ಬಂದವಳು ಬಾಣಂತಿಯ ಸಮ, ಬಾಣಂತಿಗೆ ಮಾಡುವುದನ್ನೇ ಇವಳಿಗೂ ಮಾಡಬೇಕು ಎಂಬುದು ಅವಳ ತೀರ್ಮಾನ. ಬೆಲ್ಲ, ಶುಂಠಿ, ಕೊಬ್ಬರಿ, ಮೇಲೆ ಎರಡು ಸೌಟು ತುಪ್ಪ. ಗಟ್ಟಿಯಾಗಿ ಕಾಯಿಸಿ ಒಂದು ಲೋಟ ತಂದು ಸೊಸೆಯ ಕೈಗಿಟ್ಟಳು. ಸಿಹಿ ಬೇಡ ಎಂದು ಡಾಕ್ಟರು ಹೇಳಿದ್ದು ಸರ್ವಮಂಗಳಾಗೆ ನೆನಪಿತ್ತು. ಆದರೆ ಅತ್ತೆ ನಿಂತೇ ಇದ್ದಳು. ಹದಿನಾರು ವರ್ಷದಲ್ಲಿ ಬೇಡ ಅನ್ನದ ಬಾಯಿಗೆ ಅವತ್ತೂ ಆ ಮಾತು ಬರಲಿಲ್ಲ. ಕುಡಿದಳು.

ಕಾಲು ಗಂಟೆಯೂ ಆಗಿಲ್ಲ, ಮೈಯೆಲ್ಲ ಬೆವರು. ಎದೆ ಡವಡವ. ಹೊಟ್ಟೆ ಹಿಂಡಿ ಬಂತು. ಸರ್ವಮಂಗಳಾ ಕಂಬಕ್ಕೆ ಒರಗಿದವಳು ಹಾಗೇ ನೆಲಕ್ಕೆ ಜಾರಿದಳು. ಚನ್ನಮಲ್ಲಮ್ಮ ಒಂದು ಕೈಯಲ್ಲಿ ವಿಭೂತಿ, ಇನ್ನೊಂದು ಕೈಯಲ್ಲಿ ಬೀಸಣಿಗೆ ಹಿಡಿದು ಯಾವುದನ್ನು ಮೊದಲು ಮಾಡಬೇಕೆಂದು ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡಿದಳು. ವಿಭೂತಿ ಮನೆಯೆಲ್ಲ ಹಾರಿತು.

ಆರೋಗ್ಯ ಕೇಂದ್ರದ ನರ್ಸು ರಾಜಲಕ್ಷ್ಮಮ್ಮ ಬಂದರು. ನಾಡಿ ನೋಡಿದರು, ಬಿ.ಪಿ. ನೋಡಿದರು, ಆಮೇಲೆ ಲೋಟ ಮೂಸಿ ನೋಡಿದರು. ಸರ್ವಮಂಗಳಾಳನ್ನು ಅಲ್ಲೇ ಮಲಗಿಸಿದರು. ಬೆಂಗಳೂರಿನ ಡಾಕ್ಟರು ಈ ಊರಿನ ನರ್ಸಿಗೂ ವಿಷಯ ತಿಳಿಸಿ ಕಳಿಸಿದ್ದರು. ತನಗೂ ಇದು ಹೊಸದೇ, ಕೇಳಿ ಕೇಳಿ ತಿಳಿದುಕೊಳ್ಳುತ್ತಿದ್ದೇನೆ ಎಂದು ಆಕೆ ಮುಚ್ಚುಮರೆಯಿಲ್ಲದೆ ಹೇಳಿದರು. ಮೊದಲಿನ ಹೊಟ್ಟೆ ಕಣಜವಿದ್ದ ಹಾಗೆ, ಹಾಕಿದ್ದನ್ನು ಇಟ್ಟುಕೊಂಡು ಸ್ವಲ್ಪ ಸ್ವಲ್ಪವಾಗಿ ಕೆಳಗೆ ಬಿಡುತ್ತಿತ್ತು. ಈಗ ಕಣಜವಿಲ್ಲ, ಬರೀ ಬಟ್ಟಲು. ಬೆಲ್ಲದ ನೀರು ಸೀದಾ ಕರುಳಿಗೆ ನುಗ್ಗುತ್ತದೆ. ಆಗ ಹೀಗೆ ಬೆವರು, ಎದೆಬಡಿತ, ಸುಸ್ತು. ಮಲಗಿದರೆ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಸಿಹಿ ಕೊಡದಿದ್ದರೆ ಬರುವುದೇ ಇಲ್ಲ.

“ನಾನು ಶಕ್ತಿ ಬರ್ಲಿ ಅಂತ ಮಾಡ್ದೆ ನರ್ಸಮ್ಮ,” ಎಂದಳು ಚನ್ನಮಲ್ಲಮ್ಮ.

“ಗೊತ್ತು ಕಣಜ್ಜಿ. ಬಾಣಂತಿಗಾದ್ರೆ ಸರಿ. ಇವರು ಬಾಣಂತಿ ಅಲ್ವಲ್ಲ. ಇವರಿಗೆ ಶಕ್ತಿ ಬರೋದು ಬೇಳೆಯಿಂದ, ಕಾಳಿಂದ, ಮೊಸರಿಂದ.”

ಸಂಜೆಗೆ ಸೊಸೆ ಎದ್ದು ಕೂತಳು. ಅತ್ತೆ ಶುಂಠಿಯನ್ನು ಮತ್ತೆ ಅಟ್ಟಕ್ಕೆ ಹಾಕಿದಳು. ತಪ್ಪಾಯಿತು ಎಂದು ಅವಳಿಗೆ ಅನಿಸಿತು. ಆದರೆ ಭಯ ಹೋಗಲಿಲ್ಲ.

ಎರಡು ತಿಂಗಳಾದ ಮೇಲೆ ಮೆತ್ತಗಿನ ಊಟ ಮಾಡಬಹುದೆಂದು ಡಾಕ್ಟರು ಹೇಳಿದ್ದರು. ಪ್ರತಿ ತುತ್ತನ್ನೂ ನುಣ್ಣಗಾಗುವವರೆಗೆ ಅಗಿಯಬೇಕು ಎಂದೂ ಹೇಳಿದ್ದರು. ಚನ್ನಮಲ್ಲಮ್ಮನಿಗೆ ಮೊದಲನೆಯ ಮಾತು ಹಬ್ಬದ ಸುದ್ದಿಯಂತೆ ಕೇಳಿಸಿತು, ಎರಡನೆಯದು ಕೇಳಿಸಲೇ ಇಲ್ಲ. ಮುದ್ದೆಗಿಂತ ಮೆತ್ತಗಿನದು ಲೋಕದಲ್ಲಿ ಏನಿದೆ? ನಿಂಬೆಹಣ್ಣಿನಷ್ಟು ಚಿಕ್ಕ ಮುದ್ದೆ ಕಟ್ಟಿ, ಹುರುಳಿಕಾಳಿನ ಸಾರು ಬಿಟ್ಟು ಮುಂದಿಟ್ಟಳು. ಸರ್ವಮಂಗಳಾಗೆ ಕಣ್ಣಲ್ಲಿ ನೀರು ಬಂತು. ಮುರಿದಳು, ಉರುಳಿಸಿದಳು, ಸಾರಲ್ಲಿ ಹೊರಳಿಸಿದಳು. ಹುಟ್ಟಿದಾಗಿನಿಂದ ಗಂಟಲಿಗೆ ಗೊತ್ತಿದ್ದ ಕೆಲಸ. ನುಂಗಿದಳು.

ಮೂರನೆಯ ತುತ್ತಿಗೆ ಎದೆಯ ನಡುವೆ ಕಲ್ಲು ಕೂತಂತಾಯಿತು. ಕೆಳಗೂ ಇಳಿಯದು, ಮೇಲಕ್ಕೂ ಬಾರದು. ನೀರು ಕುಡಿದರೆ ನೀರೂ ನಿಂತಿತು. ಬಾಯಲ್ಲಿ ಜೊಲ್ಲು ಸುರಿಯಿತು. ಬಹಳ ಹೊತ್ತು ಬಚ್ಚಲಲ್ಲಿ ಬಗ್ಗಿ ನಿಂತ ಮೇಲೆ ಅಷ್ಟೂ ಹೊರಗೆ ಬಂತು.

ಅಂಗಡಿಯಿಂದ ಓಡಿ ಬಂದ ಮಗನ ಎದುರು ಚನ್ನಮಲ್ಲಮ್ಮ ನಿಂತಳು. ಅಷ್ಟು ದಿನ ಡಬ್ಬಗಳಿಗೆ ಹೇಳಿದ್ದನ್ನೆಲ್ಲ ಒಟ್ಟಿಗೆ ಹೇಳಿದಳು. ನನ್ನ ಮುದ್ದೆ ಇಳಿಯದ ಹೊಟ್ಟೆ ಯಾವ ಸೀಮೆಯ ಹೊಟ್ಟೆ, ಕುಯ್ದವರೇ ಮತ್ತೆ ಬಿಚ್ಚಿ ಮೊದಲಿನಂತೆ ಮಾಡಲಿ, ದಪ್ಪ ಇದ್ದರೇನಾಯಿತು, ಉಂಡುಕೊಂಡು ಇದ್ದಳಲ್ಲ. ಮಗ ಏನೋ ಹೇಳಲು ಬಾಯಿ ತೆರೆದ.

“ನೀನು ಸುಮ್ಕಿರು ಮಾಲಿಂಗ. ಒಬ್ಬಳನ್ನ ಹಿಂಗೇ ನೋಡ್ತಾ ನೋಡ್ತಾ ಕಳಕಂಡಿವ್ನಿ. ಇವಳನ್ನೂ ಕಳಕಳಕ್ಕೆ ನನ್ನ ಕೈಲಿ ಆಗಕಿಲ್ಲ.”

ಬಚ್ಚಲ ಬಾಗಿಲಲ್ಲಿ ಬಾಯೊರೆಸಿಕೊಳ್ಳುತ್ತ ನಿಂತಿದ್ದ ಸರ್ವಮಂಗಳಾ ಹತ್ತಿರ ಬಂದು ಅತ್ತೆಯ ಕೈ ಹಿಡಿದಳು.

“ಈ ಸಲ ಆಸ್ಪತ್ರೆಗೆ ನೀವೇ ಬನ್ನಿ ಅತ್ತೆ. ಬಿಚ್ಚಿ ಅಂತ ನೀವೇ ಕೇಳಿ.”

ಹೀಗೆ ಚನ್ನಮಲ್ಲಮ್ಮ ಬೆಂಗಳೂರಿಗೆ ಹೊರಟಳು. ದಾರಿಯುದ್ದಕ್ಕೂ ಕಿಟಕಿಯ ಕಡೆ ನೋಡುತ್ತ ಡಾಕ್ಟರಿಗೆ ಕೇಳಬೇಕಾದ ಮಾತನ್ನು ಜೋಡಿಸಿಕೊಳ್ಳುತ್ತಿದ್ದಳು. ಆಸ್ಪತ್ರೆಯಲ್ಲಿ ಡಾಕ್ಟರ ಕೋಣೆ ಎರಡನೆಯ ಮಹಡಿಯಲ್ಲಿತ್ತು. ಮುದುಕಿ ಮೊದಲ ತಿರುವಿನಲ್ಲೇ ಏದುಸಿರು ಬಿಟ್ಟು ಕಟಾಂಜನ ಹಿಡಿದು ನಿಂತಳು. ಸರ್ವಮಂಗಳಾ ಅವಳ ಚೀಲವನ್ನೂ ತೆಗೆದುಕೊಂಡು ಮೇಲೆ ಹೋಗಿ, ಚೀಲ ಇಟ್ಟು, ಅತ್ತೆಯನ್ನು ಕರೆದುಕೊಂಡು ಹೋಗಲು ಮತ್ತೆ ಕೆಳಗಿಳಿದು ಬಂದಳು.

ಡಾಕ್ಟರು ಸೊಸೆಯನ್ನು ಪರೀಕ್ಷೆ ಮಾಡಿದರು. ತೊಂಬತ್ತನಾಲ್ಕು ಕಿಲೋ. ಚೆನ್ನಾಗಿದೆ ಎಂದರು. ಆಮೇಲೆ ಮನೆಯಲ್ಲಿ ಅಡುಗೆ ಯಾರದ್ದು ಎಂದು ಕೇಳಿದರು. ಚನ್ನಮಲ್ಲಮ್ಮ ಸೆರಗು ಸರಿಮಾಡಿಕೊಂಡಳು. ಡಾಕ್ಟರು ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿಕೊಂಡು, ಮೊದಲೇ ನಿಮ್ಮನ್ನು ಕರೆಸಬೇಕಿತ್ತು, ಅದು ನನ್ನ ತಪ್ಪು ಎಂದರು. ಇಂಥ ದೊಡ್ಡ ಡಾಕ್ಟರು ತಪ್ಪು ಒಪ್ಪಿಕೊಂಡದ್ದನ್ನು ಕಂಡು ಮುದುಕಿ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಚದುರಿತು. ಉಳಿದದ್ದು ಒಂದೇ.

“ನನ್ನ ಮಗಳು ಹಿಂಗೇ ಸೊರಗಿ ಹೋದ್ಲು ಸ್ವಾಮಿ. ಇವಳೂ ಹೋಗ್ತಾಳಾ?”

ಡಾಕ್ಟರು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. ಮಗಳಿಗೆ ಜ್ವರ ಇತ್ತೇ, ಕೆಮ್ಮು ಇತ್ತೇ, ಎದ್ದು ಓಡಾಡುತ್ತಿದ್ದಳೇ ಎಂದು ಕೇಳಿದರು. ಇತ್ತು, ಇತ್ತು, ಕೊನೆಗೆ ಏಳಲೇ ಆಗುತ್ತಿರಲಿಲ್ಲ ಎಂದಳು.

“ಅಮ್ಮ, ಕಾಯಿಲೆಯಲ್ಲಿ ತೂಕದ ಜೊತೆ ಶಕ್ತಿಯೂ ಹೋಗತ್ತೆ. ಇಲ್ಲಿ ತೂಕ ಹೋದ ಹಾಗೆ ಶಕ್ತಿ ಬರಬೇಕು. ಈಗ ಮೆಟ್ಟಿಲು ಹತ್ತಿದ್ರಲ್ಲ, ನಿಮ್ಮ ಚೀಲ ಹೊತ್ತಿದ್ದು ಯಾರು?”

ಚನ್ನಮಲ್ಲಮ್ಮ ಸೊಸೆಯನ್ನು ನೋಡಿದಳು. ಆಪರೇಷನ್ನಿಗೆ ಮೊದಲು ಇವಳು ಮನೆಯ ಹೊಸಿಲು ದಾಟುವಾಗ ಬಾಗಿಲು ಹಿಡಿದುಕೊಳ್ಳುತ್ತಿದ್ದಳು.

ಆಮೇಲೆ ಡಾಕ್ಟರು ಮುಂದೆ ಏನೇನಾಗುತ್ತದೆ ಎಂಬುದನ್ನು ಹೇಳಿದರು. ಇನ್ನು ತೂಕ ಮೊದಲಿನಷ್ಟು ಬೇಗ ಇಳಿಯುವುದಿಲ್ಲ. ಕೆಲವು ವಾರ ಒಂದು ಕಡೆ ನಿಂತೇಬಿಡುತ್ತದೆ, ಅದೂ ಸಹಜ. ಒಂದು, ಒಂದೂವರೆ ವರ್ಷದವರೆಗೆ ಇಳಿಯುತ್ತ ಹೋಗಿ ಒಂದು ಹಂತಕ್ಕೆ ನಿಲ್ಲುತ್ತದೆ. ಹೆಚ್ಚಾಗಿದ್ದ ತೂಕವೆಲ್ಲ ಹೋಗುವುದಿಲ್ಲ, ಅರ್ಧಕ್ಕಿಂತ ಜಾಸ್ತಿ ಹೋದರೆ ಗೆದ್ದ ಹಾಗೆ. ನಡುವೆ ಕೂದಲು ಉದುರುತ್ತದೆ, ಸರಿಯಾಗಿ ಉಂಡರೆ ಮತ್ತೆ ಬರುತ್ತದೆ. ತೋಳಿನ ಚರ್ಮ, ಹೊಟ್ಟೆಯ ಚರ್ಮ ಜೋತು ಬೀಳುತ್ತದೆ, ಚಳಿ ಜಾಸ್ತಿ ಆಗುತ್ತದೆ. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಲಿ. ಕಬ್ಬಿಣದ ಮಾತ್ರೆ, ಸುಣ್ಣದ ಮಾತ್ರೆ, ಜೀವಸತ್ವದ ಸೂಜಿ ಜೀವಮಾನ ಪೂರ್ತಿ ಬೇಕು. ಆಮೇಲೆ ಸರ್ವಮಂಗಳಾಗೆ, ಒಂದೂವರೆ ವರ್ಷ ಬಸುರಾಗುವುದು ಬೇಡ ಎಂದರು. ಅವಳು ನಾಚಿ ಕಿಟಕಿ ನೋಡಿದಳು. ಅತ್ತೆ ಮಾತ್ರ ಅದನ್ನೂ ಗಂಭೀರವಾಗಿ ಕೇಳಿಸಿಕೊಂಡು ತಲೆಯಾಡಿಸಿದಳು.

ಕೊನೆಗೆ ಮುದ್ದೆಯ ಪ್ರಶ್ನೆ ಬಂತು. ಡಾಕ್ಟರೂ ಮುದ್ದೆ ಉಣ್ಣುವ ಮಂಡ್ಯದ ಕಡೆಯವರೇ, ನಕ್ಕುಬಿಟ್ಟರು. ಮುದ್ದೆಯದು ತಪ್ಪಿಲ್ಲ, ನುಂಗುವುದು ತಪ್ಪು ಎಂದರು. ಹೊಟ್ಟೆಯ ಹೊಸ ಬಾಗಿಲು ಕಿರುಬೆರಳಿನಷ್ಟು ಕಿರಿದು. ಇಡೀ ತುತ್ತು ಅಲ್ಲಿ ಬಿರಡೆಯ ಹಾಗೆ ಕೂತುಬಿಡುತ್ತದೆ. ಕಾಳು, ಬೇಳೆ ಮೊದಲು ತಿನ್ನಲಿ, ಮುದ್ದೆ ಆಮೇಲೆ ಒಂದು ಚೂರು, ಅದೂ ಅಗಿದು.

“ಮುದ್ದೆ ಅಗಿಯೋದಾ?” ಎಂದಳು ಚನ್ನಮಲ್ಲಮ್ಮ. ಹೊಟ್ಟೆ ಬಿಚ್ಚಿ ಎಂದು ಕೇಳಲು ಬಂದವಳಿಗೆ ಅದು ಮರೆತೇಹೋಗಿತ್ತು.

ಊರಿಗೆ ಬಂದ ಮೇಲೆ ತೊಡಕು ಶುರುವಾಯಿತು. ಸರ್ವಮಂಗಳಾಗೆ ಅಗಿಯಲು ನಾಚಿಕೆ. ಮಕ್ಕಳು ಮುಸಿಮುಸಿ ನಗುತ್ತವೆ, ಗಂಡ ತಟ್ಟೆ ನೋಡುವ ಹಾಗೆ ನಟಿಸುತ್ತಾನೆ. ಒಂದು ತುತ್ತು ಅಗಿದರೆ ಮುಂದಿನದನ್ನು ಗಂಟಲು ತಾನೇ ಎಳೆದುಕೊಂಡುಬಿಡುತ್ತದೆ. ಆಗ ಚನ್ನಮಲ್ಲಮ್ಮ ತನ್ನ ತಟ್ಟೆಯನ್ನು ತಂದು ಸೊಸೆಯ ಎದುರು ಹಾಕಿಕೊಂಡಳು. ಮುದ್ದೆ ಮುರಿದಳು. ಬಾಯಿಗಿಟ್ಟಳು. ಅರವತ್ತೈದು ವರ್ಷದಲ್ಲಿ ಮೊದಲ ಸಲ ಅಗಿದಳು. ಹಲ್ಲಿಗೆಲ್ಲ ಅಂಟಿತು. ಮುಖ ಒಂದು ಥರ ಆಯಿತು. ಆದರೂ ನಿಲ್ಲಿಸಲಿಲ್ಲ. ಮಕ್ಕಳ ನಗು ತಾನಾಗಿ ನಿಂತಿತು.

ದಿನವೂ ಹೀಗೇ ನಡೆಯಿತು. ಅತ್ತೆ ಬಾಯಾಡಿಸುವಷ್ಟು ಹೊತ್ತು ಸೊಸೆಯೂ ಬಾಯಾಡಿಸಬೇಕು, ಅದೇ ನೇಮ. ಗೌರಕ್ಕ ಒಮ್ಮೆ ಒಳಗೇ ಬಂದುಬಿಟ್ಟಳು. ಎದುರುಬದುರು ಕೂತು ಮಾತಿಲ್ಲದೆ ದವಡೆ ಆಡಿಸುತ್ತಿದ್ದ ಇಬ್ಬರನ್ನೂ ನೋಡಿ ಬಾಗಿಲಲ್ಲೇ ನಿಂತಳು.

“ಇದೇನು ಅಮ್ಮೋರೆ, ಅತ್ತೆ ಸೊಸೆ ಮೆಲುಕು ಹಾಕ್ತಾ ಕುಂತಿದ್ದೀರಿ?”

ಚನ್ನಮಲ್ಲಮ್ಮ ಬಾಯಲ್ಲಿದ್ದುದನ್ನು ಪೂರ್ತಿ ಮುಗಿಸಿಯೇ ಉತ್ತರ ಕೊಟ್ಟಳು.

“ಹೂಂ ಕಣೆ. ನಿನ್ನ ಕುರಿಗಳು ಮೆಲುಕು ಹಾಕಿಯೇ ಅಲ್ವೇನೆ ಬದುಕಿರೋದು. ಬಾ, ನೀನೂ ಕುಂತ್ಕ.”

ಚಳಿಗಾಲ ಬಂತು. ಸರ್ವಮಂಗಳಾ ಮಕ್ಕಳ ಸ್ವೆಟರ್ ಜೊತೆಗೆ ತನಗೂ ಒಂದು ತರಿಸಿಕೊಂಡಳು. ಬಾಚಣಿಗೆಯಲ್ಲಿ ಕೂದಲು ಹಿಡಿ ಹಿಡಿ ಬರತೊಡಗಿತು. ಇದು ಡಾಕ್ಟರು ಹೇಳಿದ್ದೇ ಎಂದು ಅತ್ತೆ ನೆನಪಿಸಿದಳು, ಬೆಳಗಿನ ಮೊಳಕೆ ಹೆಸರುಕಾಳನ್ನು ಒಂದು ಚಮಚ ಜಾಸ್ತಿ ಮಾಡಿದಳು. ತೂಕ ಎಂಬತ್ತಾರಕ್ಕೆ ಬಂತು. ಅಲ್ಲಿ ನಿಂತಿತು.

ಒಂದು ವಾರವಾಯಿತು, ಇನ್ನೊಂದು ವಾರವಾಯಿತು. ತಿಂಗಳು ಕಳೆದರೂ ಮಿಷನ್ನಿನ ಮುಳ್ಳು ಅಲುಗಲಿಲ್ಲ. ಸರ್ವಮಂಗಳಾ ದಿನಕ್ಕೆರಡು ಸಲ ಹತ್ತಿ ನೋಡತೊಡಗಿದಳು. ಕನ್ನಡಿಯ ಮುಂದೆ ತೋಳಿನ ಚರ್ಮ ಎತ್ತಿ ಎತ್ತಿ ಬಿಡುತ್ತಿದ್ದಳು. ಗೋಡೆಯ ಮೇಲಿದ್ದ ಮದುವೆಯ ಫೋಟೋದಲ್ಲಿದ್ದ ಸಣ್ಣ ಹುಡುಗಿ ಮತ್ತೆ ಬರುತ್ತಾಳೆಂದು ಅವಳು ಒಳಗೊಳಗೇ ನಂಬಿಕೊಂಡಿದ್ದಳು. ಆಪರೇಷನ್ ಕೆಟ್ಟುಹೋಗಿದೆ ಎಂದುಕೊಂಡಳು. ಯಾರಿಗೂ ಹೇಳದೆ ಊಟ ಬಿಟ್ಟಳು. ಕಾಳನ್ನು ಮಕ್ಕಳ ತಟ್ಟೆಗೆ ಹಾಕಿ ತಾನು ನೀರುಮಜ್ಜಿಗೆ ಕುಡಿದಳು. ಮಾತ್ರೆ ಖಾಲಿಯಾದವು, ತರಿಸಲಿಲ್ಲ.

ಒಂದು ಮಧ್ಯಾಹ್ನ ಬಟ್ಟೆ ಒಣಗಹಾಕುವಾಗ ಕಣ್ಣು ಕತ್ತಲಿಟ್ಟು ಹಗ್ಗ ಹಿಡಿದುಕೊಂಡಳು. ಹಗ್ಗ ಕಿತ್ತುಬಂತು. ಒದ್ದೆ ಸೀರೆಗಳ ನಡುವೆ ಕೂತಿದ್ದ ಸೊಸೆಯನ್ನು ಚನ್ನಮಲ್ಲಮ್ಮ ಎಬ್ಬಿಸಿ ಒಳಗೆ ಕರೆತಂದಳು. ಏನು ತಿಂದೆ ಎಂದು ಕೇಳಿದಳು. ಮತ್ತೆ ಕೇಳಿದಳು.

“ಏನೂ ಇಲ್ಲ ಅತ್ತೆ. ತಿಂದರೂ ಅಷ್ಟೇ, ಬಿಟ್ಟರೂ ಅಷ್ಟೇ. ಇಳೀತಾನೇ ಇಲ್ಲ. ಇಷ್ಟಕ್ಕೇ ಹೊಟ್ಟೆ ಕುಯ್ಸಿಕೊಂಡೆನಾ ನಾನು?”

ಚನ್ನಮಲ್ಲಮ್ಮನಿಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟನ್ನೇ ಮುಂದೆ ಬಿಟ್ಟಳು.

“ಡಾಕ್ಟರು ಹೇಳಿದ್ದು ನನಗೆ ಒಬ್ಬಳಿಗೇನೆ? ನಿಲ್ಲತೈತೆ ಅಂದ್ರು, ನಿಂತೈತೆ. ಗಾಡಿ ಎತ್ತು ದಿಣ್ಣೆ ಹತ್ತುವಾಗ ಒಂದು ಗಳಿಗೆ ನಿಂತು ಉಸಿರು ತಗಣಾಕಿಲ್ವ? ಅದಕ್ಕೆ ಮೇವು ಹಾಕದೆ ಇದ್ರೆ ಮುಂದೆ ಹೋಗ್ತದಾ? ತೂಕ ಇಳೀಲಿ ಅಂತ ಮಾಡಿದ್ದಲ್ಲ ಕಣೆ ಮಂಗಳಿ ಇದು. ನೀನು ಬದುಕಿರ್ಬೇಕು ಅಂತ ಮಾಡಿದ್ದು.”

ಮುದುಕಿ ಸೊಸೆಯ ಪಕ್ಕ ನೆಲದ ಮೇಲೆ ಕೂತಳು. ದನಿ ಇಳಿಯಿತು.

“ನೀಲಿ ಊಟ ಬುಟ್ಟಾಗ ಕೇಳೋಕೆ ನಾನು ಹತ್ರ ಇರಲಿಲ್ಲ. ನೀನು ನನ್ನ ಕಣ್ಣೆದುರಿಗೇ ಬುಡ್ತೀಯಾ?”

ಅತ್ತೆ ಎದ್ದು ಹೋಗಿ ಬೇಯಿಸಿದ ಹೆಸರುಕಾಳನ್ನು ಬಟ್ಟಲಲ್ಲಿ ತಂದಳು. ಸರ್ವಮಂಗಳಾ ಒಂದೊಂದೇ ಕಾಳು ಅಗಿದು ತಿಂದಳು. ಬಟ್ಟಲು ಖಾಲಿಯಾಗಲು ಬಹಳ ಹೊತ್ತು ಹಿಡಿಯಿತು. ಚನ್ನಮಲ್ಲಮ್ಮ ಎದ್ದುಹೋಗಲಿಲ್ಲ. ಮಾರನೆಯ ದಿನ ರಾಜಲಕ್ಷ್ಮಮ್ಮ ರಕ್ತ ಪರೀಕ್ಷೆ ಮಾಡಿಸಿದರು. ರಕ್ತ ಕಮ್ಮಿಯಾಗಿತ್ತು. ಬೆಂಗಳೂರಿನ ಡಾಕ್ಟರನ್ನು ಕೇಳಿ ಮಾತ್ರೆ, ಸೂಜಿ ಮತ್ತೆ ಶುರುಮಾಡಿದರು. ಮಿಷನ್ನು ಹತ್ತುವುದು ಇನ್ನು ತಿಂಗಳಿಗೊಮ್ಮೆ ಸಾಕು ಎಂದೂ ಹೇಳಿದರು. ಮಹಾಲಿಂಗಯ್ಯ ಅದರ ಮೇಲೆ ಹುಣಸೆಹಣ್ಣಿನ ಮೂಟೆ ಇಟ್ಟುಬಿಟ್ಟ.

ಮುಂದಿನ ತಿಂಗಳು ಮೂಟೆ ಇಳಿಸಿ ನೋಡಿದಾಗ ಮುಳ್ಳು ಎರಡು ಕಿಲೋ ಹಿಂದೆ ಸರಿದಿತ್ತು. ಆಮೇಲೂ ಹಾಗೇ. ಒಂದು ತಿಂಗಳು ಎರಡು, ಒಂದು ತಿಂಗಳು ಒಂದು, ಒಂದು ತಿಂಗಳು ಏನೂ ಇಲ್ಲ. ಒಂದೂವರೆ ವರ್ಷಕ್ಕೆ ಎಪ್ಪತ್ತಾರಕ್ಕೆ ಬಂದು ನಿಂತಿತು. ಸರ್ವಮಂಗಳಾ ಬಳ್ಳಿಯ ಹಾಗಾಗಲಿಲ್ಲ, ಈಗಲೂ ತುಂಬುಮೈಯವಳೇ. ತೋಳಿನ ಚರ್ಮಕ್ಕೆ ಉದ್ದ ತೋಳಿನ ಕುಪ್ಪಸ ಹೊಲಿಸಿಕೊಂಡಳು. ನೆತ್ತಿಯಲ್ಲಿ ಹೊಸ ಕೂದಲು ಹುಲ್ಲಿನಂತೆ ಎದ್ದು ನಿಂತಿತು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಡಾಕ್ಟರು ಮೊದಲು ಅರ್ಧ ಮಾಡಿದರು, ಆಮೇಲೆ ನಿಲ್ಲಿಸಿ, ಪರೀಕ್ಷೆ ಮಾತ್ರ ಬಿಡಬೇಡಿ ಎಂದರು. ಗೊರಕೆ ನಿಂತಿತು. ಮಹಾಲಿಂಗಯ್ಯನಿಗೆ ಆ ನಿಶ್ಶಬ್ದದಲ್ಲಿ ಮೊದಮೊದಲು ನಿದ್ದೆಯೇ ಬರಲಿಲ್ಲವಂತೆ.

ಒಂದು ದಿನ ಕೊರಟಗೆರೆಗೆ ಹೊರಟಿದ್ದ ಸರ್ವಮಂಗಳಾ ಒಳಗೆ ಏನೋ ಮರೆತು ತಡಮಾಡಿದಳು. ಬಸ್ಸು ಹೊರಟೇಬಿಟ್ಟಿತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಡಿಯ ಮುಂದಿನಿಂದ ಓಡಿದಳು. ನಿಜವಾಗಿಯೂ ಓಡಿದಳು. ಜಗಲಿಯಲ್ಲಿದ್ದ ಗೌರಕ್ಕ ಎಲೆಗೆ ಸುಣ್ಣ ಹಚ್ಚುವುದನ್ನು ಬಿಟ್ಟು ನೋಡಿದಳು. ಬಸ್ಸು ನಿಂತಿತು, ಸರ್ವಮಂಗಳಾ ಯಾರ ಕೈಯನ್ನೂ ಹಿಡಿಯದೆ ಹತ್ತಿದಳು. ಬಸ್ಸು ತಿರುವಿನಲ್ಲಿ ಮರೆಯಾಯಿತು.

“ಏನು ಓಟ ಅಮ್ಮೋರೆ ನಿಮ್ಮ ಸೊಸೇದು,” ಎಂದಳು ಗೌರಕ್ಕ.

ಚನ್ನಮಲ್ಲಮ್ಮ ಇನ್ನೂ ರಸ್ತೆಯ ಕಡೆಗೇ ನೋಡುತ್ತಿದ್ದಳು. ಮುಖದ ತುಂಬ ನಗು.

“ಬುಡು ಗೌರಿ. ಇನ್ನು ಈ ಮನೆಯಿಂದ ಮೊದಲು ಹೋಗೋಳು ನಾನೇ. ವಯಸ್ಸಿನ ಸಾಲು ಸರಿಹೋಯ್ತು.”

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈ ಆಪರೇಷನ್ ಈಗ ನಮ್ಮ ಹತ್ತಿರದ ದೊಡ್ಡ ಊರುಗಳಿಗೂ ಬಂದಿದೆ. ದಪ್ಪ ಇರುವವರಿಗೆಲ್ಲ ಅದು ಬೇಕಿಲ್ಲ, ಯಾರಿಗೆ ಬೇಕು ಎಂಬುದನ್ನು ಡಾಕ್ಟರೇ ಹೇಳಬೇಕು. ಆದರೆ ನಿಮ್ಮ ಮನೆಯಲ್ಲಿ ಯಾರಿಗಾದರೂ ಮಾಡಿಸುವುದಾದರೆ, ಡಾಕ್ಟರ ಹತ್ತಿರ ಹೋಗುವಾಗ ಅಡುಗೆ ಮಾಡುವವರನ್ನೂ ಕರೆದುಕೊಂಡು ಹೋಗಿ. ಅವರು ಕೇಳಿಸಿಕೊಂಡರೆ ಅರ್ಧ ಕೆಲಸ ಆದ ಹಾಗೆ.

ತೂಕ ಮೊದಲು ಬೇಗ ಇಳಿಯುತ್ತದೆ, ಆಮೇಲೆ ನಿಧಾನ, ನಡುವೆ ನಿಲ್ಲುವುದೂ ಉಂಟು. ಪಕ್ಕದ ಮನೆಯವರಿಗೆ ಇಳಿದಷ್ಟೇ ನಿಮಗೂ ಇಳಿಯಬೇಕೆಂದಿಲ್ಲ. ನಿಂತಾಗ ಊಟ ಬಿಡಬೇಡಿ, ಮಾತ್ರೆ ಬಿಡಬೇಡಿ, ಸಕ್ಕರೆ ಕಾಯಿಲೆಯ ಔಷಧವನ್ನು ನೀವಾಗಿ ನಿಲ್ಲಿಸಬೇಡಿ. ಕಾಳು ಬೇಳೆ ಮೊದಲು ತಿನ್ನಿ, ನೀರನ್ನು ಬೇರೆ ಹೊತ್ತಿಗೆ ಕುಡಿಯಿರಿ, ದಿನವೂ ನಡೆಯಿರಿ. ಆದರೆ ಜ್ವರ, ಬಿಡದ ಹೊಟ್ಟೆನೋವು, ನಿಲ್ಲದ ವಾಂತಿ ಕಂಡರೆ, ಸುಮ್ಮನೆ ಮಲಗಿದ್ದಾಗಲೂ ಎದೆ ಹೊಡೆದುಕೊಳ್ಳುತ್ತಿದ್ದರೆ, ಕಾಯಬೇಡಿ, ಆ ದಿನವೇ ಆಸ್ಪತ್ರೆಗೆ ಹೋಗಿ.

ನಿಮ್ಮವರು ತಟ್ಟೆಯ ಮುಂದೆ ನಿಧಾನವಾಗಿ ಅಗಿಯುತ್ತ ಕೂತಿದ್ದರೆ ನಗಬೇಡಿ, ಅವಸರ ಮಾಡಬೇಡಿ. ನಿಮ್ಮ ತಟ್ಟೆಯನ್ನೂ ತಂದು ಎದುರಿಗೆ ಕೂತುಕೊಳ್ಳಿ.